ಮಕ್ಕಳ ಹೆಜ್ಜೆ ಬದಲಾಗುವಾಗ

(ಕುರ್ಲಾದಲ್ಲಿ ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮಹಿಳಾ ವಿಭಾಗದಲ್ಲಿ ಆರೋಗ್ಯದ ಮಾತು ಎಂದರೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಥೈರಾಯ್ಡ್, ಮಂಡಿನೋವು, ರಕ್ತಹೀನತೆ. ಇವತ್ತು ನಾನು ಆರಿಸಿಕೊಂಡಿರುವುದು ನಿಮ್ಮಲ್ಲಿ ಹೆಚ್ಚಿನವರು ಹೆಸರನ್ನೇ ಕೇಳಿರದ ಒಂದು ಕಾಯಿಲೆ. ಆದರೆ ಅದರ ಲಕ್ಷಣದ ಬಗ್ಗೆ ಆಡುವ ಮಾತುಗಳನ್ನು ನೀವೆಲ್ಲ ಕೇಳಿದ್ದೀರಿ. "ಈ ಹುಡುಗ ನೆಲ ನೋಡಿ ನಡೆಯುವುದೇ ಇಲ್ಲ." "ಸಮತಟ್ಟಾದ ಜಾಗದಲ್ಲೂ ಎಡವುತ್ತಾಳಲ್ಲ, ಇವಳ ಗಮನ ಎಲ್ಲಿರುತ್ತದೆ?" "ಮೂರು ತಿಂಗಳಿಗೊಂದು ಶೂ ಹರಿಯುತ್ತಾನೆ." ಮಕ್ಕಳ ಫಿಸಿಯೊಥೆರಪಿ ಮಾಡುವ ನಾನು ಈ ಮಾತುಗಳನ್ನು ತಾಯಂದಿರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಅದು ಮಕ್ಕಳ ಸಹಜ ತುಂಟತನವೇ ಆಗಿರುತ್ತದೆ. ಉಳಿದ ಒಂದು ಸಲದ ಬಗ್ಗೆ ಇವತ್ತಿನ ನನ್ನ ಮಾತು.

ಕಾಯಿಲೆಯ ಹೆಸರು ಶಾರ್ಕೋ–ಮಾರಿ–ಟೂತ್. ಮಾರಿ ಎಂದ ಕೂಡಲೇ ನಮ್ಮ ಊರಿನ ಮಾರಿ ನೆನಪಾಗಿ ಹೆದರಬೇಡಿ. ಟೂತ್ ಎಂದರೆ ಇಲ್ಲಿ ಹಲ್ಲೂ ಅಲ್ಲ. ಮೂರೂ ವೈದ್ಯರ ಹೆಸರುಗಳು. 1886ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಕೋ ಮತ್ತು ಪಿಯರ್ ಮಾರಿ, ಅದೇ ವರ್ಷ ಇಂಗ್ಲೆಂಡಿನಲ್ಲಿ ಹೋವರ್ಡ್ ಟೂತ್ ಈ ಕಾಯಿಲೆಯನ್ನು ವಿವರಿಸಿದರು. ಚುಟುಕಾಗಿ ಸಿಎಂಟಿ ಎನ್ನುತ್ತಾರೆ. ವಂಶವಾಹಿಯಿಂದ ಬರುವ ನರಗಳ ಕಾಯಿಲೆಗಳಲ್ಲಿ ಇದೇ ಹೆಚ್ಚು ಸಾಮಾನ್ಯ. ವೈದ್ಯಕೀಯ ಪುಸ್ತಕಗಳಲ್ಲಿ ಕಾಣುವ ಲೆಕ್ಕ ಸುಮಾರು 2,500 ಜನರಿಗೆ ಒಬ್ಬರು. ಕುರ್ಲಾ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೇಲೆ ಸಂಜೆ ಹೊತ್ತು ಎಷ್ಟು ಜನ ದಾಟುತ್ತಾರೆ ಯೋಚಿಸಿ. ಆ ಲೆಕ್ಕದಲ್ಲಿ ಇದು ಅಷ್ಟೇನೂ ಅಪರೂಪವಲ್ಲ, ಗುರುತು ಹಿಡಿಯುವುದು ಮಾತ್ರ ಅಪರೂಪ.

ಮೊದಲು ಕಾಯಿಲೆ ಏನೆಂದು ನೋಡೋಣ. ನಮ್ಮ ನರಗಳನ್ನು ಕರೆಂಟಿನ ವೈರಿಗೆ ಹೋಲಿಸಬಹುದು. ಒಳಗೆ ತಾಮ್ರದ ತಂತಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ನರದ ಹೊದಿಕೆಗೆ ಮಯಲಿನ್ ಎನ್ನುತ್ತಾರೆ. ಸಿಎಂಟಿಯಲ್ಲಿ ಹಲವು ವಿಧಗಳಿವೆ. ಕೆಲವರಲ್ಲಿ ಹೊದಿಕೆ ಕೆಟ್ಟಿರುತ್ತದೆ, ಕೆಲವರಲ್ಲಿ ಒಳಗಿನ ತಂತಿಯೇ ಸೊರಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣುವ ವಿಧ 1ಎ. ಇದರ ಮೂಲ ಹದಿನೇಳನೆಯ ಕ್ರೋಮೋಸೋಮಿನಲ್ಲಿದೆ. ಅಲ್ಲಿರುವ ಪಿಎಂಪಿ22 ಎಂಬ ಜೀನು ಎಲ್ಲರಲ್ಲೂ ಎರಡು ಪ್ರತಿ ಇರಬೇಕು. ಇವರಲ್ಲಿ ಮೂರು ಇರುತ್ತವೆ. ಮಸಾಲೆ ಒಂದು ಚಮಚ ಹೆಚ್ಚಾದರೂ ಸಾರು ಕೆಡುವ ಹಾಗೆ, ಆ ಒಂದು ಪ್ರತಿ ಹೆಚ್ಚಾದದ್ದಕ್ಕೇ ನರದ ಹೊದಿಕೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಆರೋಗ್ಯವಂತ ದೊಡ್ಡವರ ಕೈಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ. ಈ ವಿಧದ ಸಿಎಂಟಿ ಇರುವವರಲ್ಲಿ ಅದು 38 ಮೀಟರಿಗಿಂತ ಕೆಳಗೆ, ಎಷ್ಟೋ ಜನರಲ್ಲಿ 20ರ ಆಸುಪಾಸಿಗೆ ಇಳಿದಿರುತ್ತದೆ.

ಹಾಗಾದರೆ ಕಾಲಿಗೇ ಏಕೆ ಮೊದಲು? ಬೆನ್ನಿನಿಂದ ಕಾಲ್ಬೆರಳಿಗೆ ಹೋಗುವ ನರಗಳು ದೇಹದಲ್ಲೇ ಅತಿ ಉದ್ದದವು. ನೀರಿನ ಒತ್ತಡ ಕಡಿಮೆಯಾದಾಗ ಕೊನೆಯ ಮನೆಯ ನಲ್ಲಿ ಮೊದಲು ನಿಲ್ಲುತ್ತದೆ, ಮುಂಬಯಿಯಲ್ಲಿ ಸಂಸಾರ ಮಾಡಿದ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಯೇ ಪಾದ ಮೊದಲು, ಆಮೇಲೆ ಮೊಣಕಾಲಿನ ಕೆಳಭಾಗ, ಆಮೇಲೆ ಕೈಬೆರಳು. ಬುದ್ಧಿಗೆ ಇದರಿಂದ ಏನೂ ತೊಂದರೆಯಿಲ್ಲ. 1ಎ ವಿಧದವರ ಆಯುಸ್ಸೂ ಎಲ್ಲರ ಹಾಗೇ ಇರುತ್ತದೆ, ಹೆಚ್ಚಿನವರು ಬದುಕಿಡೀ ನಡೆದಾಡಿಕೊಂಡೇ ಇರುತ್ತಾರೆ. ಕೆಲವು ಅಪರೂಪದ ವಿಧಗಳು ಮಾತ್ರ ಚಿಕ್ಕಂದಿನಲ್ಲೇ ಹೆಚ್ಚು ಕಾಡುತ್ತವೆ.

ಈಗ ನಡಿಗೆಯ ವಿಷಯಕ್ಕೆ ಬರುತ್ತೇನೆ. ನಡೆಯುವಾಗ ನಾವೇನು ಮಾಡುತ್ತೇವೆ ಎಂದು ನಾವು ನೋಡುವುದೇ ಇಲ್ಲ. ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ. ಆಮೇಲೆ ಪಾದ ಮೆಲ್ಲಗೆ ಮುಂದಕ್ಕೆ ಉರುಳುತ್ತದೆ. ಕೊನೆಗೆ ಮೀನಖಂಡ ಬಿಗಿದು, ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಕಾಲು ಗಾಳಿಯಲ್ಲಿ ಮುಂದೆ ಬರುವಾಗ ಪಾದದ ತುದಿ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಆಗ ಬೆರಳಿಗೂ ನೆಲಕ್ಕೂ ಇರುವ ಅಂತರ ಒಂದೆರಡು ಸೆಂಟಿಮೀಟರ್ ಮಾತ್ರ. ಪಾದ ಎತ್ತುವ ಸ್ನಾಯು ಸ್ವಲ್ಪ ಸೋತರೂ ಆ ಅಂತರ ಹೋಯಿತು. ಕಾಲೊರೆಸುವ ಮ್ಯಾಟಿನ ಅಂಚು, ಹೊಸ್ತಿಲು, ಟೈಲ್ಸಿನ ಸಂದು, ಎಲ್ಲವೂ ಎಡವುಗಲ್ಲೇ.

ಸಿಎಂಟಿ ಇರುವ ಮಗುವಿನ ನಡಿಗೆ ಒಂದೇ ದಿನ ಕೆಡುವುದಿಲ್ಲ. ಅದು ವರ್ಷಗಳ ಉದ್ದಕ್ಕೆ ಬದಲಾಗುತ್ತ ಹೋಗುತ್ತದೆ. ಎಲ್ಲ ಮಕ್ಕಳಲ್ಲೂ ಒಂದೇ ರೀತಿ, ಒಂದೇ ವಯಸ್ಸಿಗೆ ಅಲ್ಲ. ಆದರೂ ಸಾಮಾನ್ಯವಾಗಿ ಕಾಣುವ ದಾರಿಯೊಂದಿದೆ.

ಶಾಲೆಗೆ ಸೇರುವ ಮೊದಲು ಹೆಚ್ಚಿನ ಮಕ್ಕಳು ಸರಿಯಾದ ವಯಸ್ಸಿಗೇ ನಡೆದಿರುತ್ತಾರೆ, ಕೆಲವರು ಸ್ವಲ್ಪ ತಡ. ಓಡುವಾಗ ಬೇರೆ ಮಕ್ಕಳಿಗಿಂತ ಹೆಚ್ಚು ಬೀಳುತ್ತಾರೆ. ಕೆಲವರು ತುದಿಗಾಲಲ್ಲಿ ನಡೆಯುತ್ತಾರೆ, ಏಕೆಂದರೆ ಹಿಂಗಾಲಿನ ಸ್ನಾಯು ಬಿಗಿಯಾಗಿ ಹಿಮ್ಮಡಿ ಕೆಳಗೆ ಬರುವುದಿಲ್ಲ. ಪಾದ ಈ ವಯಸ್ಸಿನಲ್ಲಿ ಚಪ್ಪಟೆಯಾಗಿಯೂ ಇರಬಹುದು. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಆರರಿಂದ ಹತ್ತರ ಹೊತ್ತಿಗೆ ಚಿತ್ರ ಸ್ಪಷ್ಟವಾಗುತ್ತದೆ. ಪಾದದೊಳಗಿನ ಸಣ್ಣ ಸ್ನಾಯುಗಳು ಸೊರಗಿ ಪಾದದ ಕಮಾನು ಮೇಲೇರುತ್ತದೆ, ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮಡಚಿಕೊಳ್ಳುತ್ತವೆ. ಪಾದವನ್ನು ಹೊರಕ್ಕೆ ತಿರುಗಿಸುವ ಸ್ನಾಯು ಸೋತು, ಒಳಕ್ಕೆ ಎಳೆಯುವ ಸ್ನಾಯು ಗೆಲ್ಲುತ್ತದೆ. ಹಿಮ್ಮಡಿ ಒಳಕ್ಕೆ ವಾಲುತ್ತದೆ, ಶೂವಿನ ಹೊರ ಅಂಚು ಮಾತ್ರ ಸವೆಯುತ್ತದೆ. ಕಾಲು ಪದೇ ಪದೇ ಉಳುಕುತ್ತದೆ. ಕುಂಟೆಬಿಲ್ಲೆ ಆಡುವಾಗ ಒಂಟಿಕಾಲಲ್ಲಿ ಎರಡು ಮನೆ ದಾಟುವಷ್ಟರಲ್ಲಿ ಮಗು ಕಾಲೂರುತ್ತದೆ. ನಮ್ಮಲ್ಲಿ ಇನ್ನೊಂದು ಗುರುತು ಇದೆ, ದಿನವಿಡೀ ಶೂ ಹಾಕುವ ದೇಶಗಳಲ್ಲಿ ಅದು ಕಾಣಸಿಗುವುದು ಕಡಿಮೆ. ನಡೆಯುತ್ತ ನಡೆಯುತ್ತ ಮಗುವಿನ ಕಾಲಿನಿಂದ ಚಪ್ಪಲಿ ಜಾರಿಹೋಗುತ್ತದೆ, ಹೋದದ್ದು ಕೆಲವೊಮ್ಮೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಚಪ್ಪಲಿಯನ್ನು ಬೆರಳಲ್ಲಿ ಹಿಡಿದುಕೊಳ್ಳುವ ಶಕ್ತಿಯೂ ಇಲ್ಲ, ಜಾರಿದ್ದು ತಿಳಿಯುವ ಸ್ಪರ್ಶವೂ ಕಡಿಮೆ. ಮಳೆಗಾಲದಲ್ಲಿ ಮಾರ್ಕೆಟಿನಿಂದ ಬರುವಾಗ ಒಂದು ಚಪ್ಪಲಿ ಎಲ್ಲೋ ಬಿಟ್ಟು ಬಂದ ಮಗುವಿಗೆ ಬೈಯುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಹನ್ನೊಂದರಿಂದ ಹದಿನಾರರ ನಡುವೆ ಮಕ್ಕಳು ಸರಸರನೆ ಎತ್ತರವಾಗುತ್ತಾರೆ. ಎಲುಬು ಬೆಳೆದಷ್ಟು ಬೇಗ ಬಿಗಿಯಾದ ಸ್ನಾಯು ಹಿಗ್ಗುವುದಿಲ್ಲ, ಮೈಭಾರವೂ ಹೆಚ್ಚುತ್ತದೆ. ಅಲ್ಲಿಯವರೆಗೆ ಹೇಗೋ ಸಂಭಾಳಿಸಿಕೊಂಡಿದ್ದ ನಡಿಗೆ ಈಗ ಬಯಲಾಗುತ್ತದೆ. ಪಾದದ ತುದಿ ಜೋತುಬೀಳುವುದರಿಂದ ಮಗು ಮೊಣಕಾಲನ್ನು ಎತ್ತಿ ಎತ್ತಿ ಇಡುತ್ತದೆ, ನೀರಿನಲ್ಲಿ ನಡೆಯುವವರ ಹಾಗೆ. ಹಿಮ್ಮಡಿಯ ಬದಲು ಇಡೀ ಪಾದ 'ಟಪ್' ಎಂದು ನೆಲಕ್ಕೆ ಬಡಿಯುತ್ತದೆ. ಮುಂದೆ ಮೀನಖಂಡವೂ ಸೋತರೆ ನೆಲವನ್ನು ಹಿಂದಕ್ಕೆ ತಳ್ಳುವ ಶಕ್ತಿ ಹೋಗಿ ಹೆಜ್ಜೆ ಚಿಕ್ಕದಾಗುತ್ತದೆ, ವೇಗ ಕುಗ್ಗುತ್ತದೆ. ಇಂಥ ಮಕ್ಕಳಿಗೆ ನಡೆಯುವುದಕ್ಕಿಂತ ಸುಮ್ಮನೆ ಒಂದೇ ಕಡೆ ನಿಲ್ಲುವುದು ಕಷ್ಟ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕಾಲು ಬದಲಿಸುತ್ತ, ಪಕ್ಕದವರನ್ನು ಹಿಡಿಯುತ್ತ ಅಲ್ಲಾಡುವ ಮಗುವಿಗೆ 'ಶಿಸ್ತಿಲ್ಲ' ಎಂಬ ಹಣೆಪಟ್ಟಿ ಬೀಳುತ್ತದೆ. ಅಂಗಿಯ ಗುಂಡಿ ಹಾಕುವುದು, ಜಡೆ ಹೆಣೆಯುವುದು, ಪರೀಕ್ಷೆಯಲ್ಲಿ ವೇಗವಾಗಿ ಬರೆಯುವುದು ಕಷ್ಟವಾಗತೊಡಗುವುದೂ ಹೆಚ್ಚಾಗಿ ಈ ಹೊತ್ತಿನಲ್ಲೇ.

ದಿನವೂ ಮಗುವಿನ ಜೊತೆಗೇ ಇರುವ ತಾಯಿಗೆ ಇದು ಏಕೆ ಕಾಣುವುದಿಲ್ಲ? ಜೊತೆಗೇ ಇರುವುದರಿಂದಲೇ ಕಾಣುವುದಿಲ್ಲ. ಊರಿನಿಂದ ಎರಡು ವರ್ಷಕ್ಕೊಮ್ಮೆ ಬರುವ ಅಜ್ಜಿ ಬಾಗಿಲಲ್ಲೇ "ಏನಮ್ಮ, ಮಗು ಹೀಗೆ ನಡೀತಿದೆ?" ಎನ್ನುತ್ತಾರೆ, ನಾವು "ಅವನು ಮೊದಲಿನಿಂದಲೂ ಹಾಗೇ" ಎನ್ನುತ್ತೇವೆ. ಈ ನಿಧಾನ ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಇದೆ. ಸಿಡ್ನಿಯ ಜೋಶುವಾ ಬರ್ನ್ಸ್ ಮತ್ತು ಅವರ ಜೊತೆಗಾರರು 2012ರಲ್ಲಿ ಸಿಎಂಟಿ ಮಕ್ಕಳಿಗಾಗಿಯೇ ಒಂದು ಅಳತೆಗೋಲು ಮಾಡಿದರು. ಪಾದದ ಬಲ, ಕೈಹಿಡಿತ, ಸ್ಪರ್ಶ, ಸಮತೋಲ, ನಡಿಗೆ, ಉದ್ದ ಜಿಗಿತ, ಆರು ನಿಮಿಷದಲ್ಲಿ ನಡೆಯುವ ದೂರ ಹೀಗೆ ಹನ್ನೊಂದು ಪರೀಕ್ಷೆಗಳು, ಒಟ್ಟು 44 ಅಂಕ. ಶಾಲೆಯ ಅಂಕದ ತದ್ವಿರುದ್ಧ, ಇಲ್ಲಿ ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಆಸ್ಟ್ರೇಲಿಯಾ, ಅಮೆರಿಕ, ಇಂಗ್ಲೆಂಡ್, ಇಟಲಿಯ 206 ಮಕ್ಕಳು ಮತ್ತು ಹರೆಯದವರನ್ನು ಎರಡು ವರ್ಷ ಹೀಗೆ ಅಳೆದಾಗ ಸರಾಸರಿ ಏರಿದ್ದು 2.4 ಅಂಕ. ಎರಡು ವರ್ಷಕ್ಕೆ ಎರಡೂವರೆ ಅಂಕವೂ ಇಲ್ಲ. ಇದು ಬರಿಗಣ್ಣಿಗೆ ಕಾಣುವ ವೇಗವಲ್ಲ. ಆದರೆ ಐದನೆಯ ವಯಸ್ಸಿನಿಂದ ಹದಿನೈದರವರೆಗೆ ಕೂಡಿಸಿ ನೋಡಿ, ಆಗ ಅದು ಮಗುವಿನ ಬದುಕನ್ನೇ ಬದಲಿಸುವಷ್ಟಾಗುತ್ತದೆ.

ಅದಕ್ಕೇ ನಾನು ನಿಮ್ಮಲ್ಲಿ ಕೇಳುವುದು ಒಂದೇ. ಕಣ್ಣನ್ನು ನಂಬಿ ಕೂರಬೇಡಿ, ಅಳೆದು ಬರೆದಿಡಿ. ಹುಟ್ಟುಹಬ್ಬದ ದಿನ ಮಗುವನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರದ ಗೆರೆ ಹಾಕುತ್ತೀರಲ್ಲ, ಅದೇ ದಿನ, ಮತ್ತೆ ಆರು ತಿಂಗಳಿಗೊಮ್ಮೆ, ಈ ಕೆಲವು ಕೆಲಸ ಮಾಡಿ. ಖರ್ಚಿಲ್ಲ, ಕಾಲು ಗಂಟೆ ಸಾಕು.

ಕಟ್ಟಡದ ಪ್ಯಾಸೇಜಿನಲ್ಲಿ ಮಗುವನ್ನು ಬರಿಗಾಲಲ್ಲಿ ಹೋಗಿ ಬರಲು ಹೇಳಿ. ಮೊಣಕಾಲು ಕಾಣುವ ಚಡ್ಡಿ ಇರಲಿ. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಪಕ್ಕದಿಂದ ತೆಗೆಯುವಾಗ ಮೊಬೈಲನ್ನು ಮೊಣಕಾಲಿನ ಎತ್ತರಕ್ಕೆ ಹಿಡಿಯಿರಿ. ಪ್ರತಿ ಸಲವೂ ಅದೇ ಜಾಗ, ಅದೇ ದೂರ.

ಎರಡನೆಯದು, ಹಿಮ್ಮಡಿ ನಡಿಗೆ. ಪಾದದ ಮುಂಭಾಗ ಎತ್ತಿ ಬರೀ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ. ಆರೇಳು ವರ್ಷ ದಾಟಿದ ಮಗುವಿಗೆ ಇದು ಆಟ. ಸಿಎಂಟಿಯಲ್ಲಿ ಮೊದಲು ಕೈಕೊಡುವುದರಲ್ಲಿ ಇದೂ ಒಂದು. ಭರತನಾಟ್ಯ, ಯಕ್ಷಗಾನ ಕಲಿಸುವ ಗುರುಗಳು ಇಲ್ಲಿದ್ದರೆ ಅವರಿಗೊಂದು ಮಾತು. ಹಿಮ್ಮಡಿ ಊರುವ ಅಡವಿನಲ್ಲಿ ಮಾತ್ರ ಮಗು ಮತ್ತೆ ಮತ್ತೆ ತಪ್ಪುತ್ತಿದ್ದರೆ ಅಭ್ಯಾಸ ಸಾಲದು ಎನ್ನುವ ಮುಂಚೆ ತಾಯಿಗೆ ಒಂದು ಸೂಚನೆ ಕೊಡಿ. ತಾಯಿಗಿಂತ ಮೊದಲು ನಿಮಗೆ ಕಾಣಬಹುದು.

ಮೂರನೆಯದು, ಕುಕ್ಕರಗಾಲು. ಹಿಮ್ಮಡಿ ನೆಲಕ್ಕೆ ಊರಿ ಕೂರಲಿ. ಹಿಂಗಾಲು ಬಿಗಿಯಾದ ಮಗು ಹಿಮ್ಮಡಿ ಎತ್ತುತ್ತದೆ, ಇಲ್ಲವೇ ಹಿಂದಕ್ಕೆ ಬೀಳುತ್ತದೆ. ಮನೆಯಲ್ಲಿ ಕಮೋಡ್ ಬಂದ ಮೇಲೆ ಮಕ್ಕಳು ಕುಕ್ಕರಗಾಲಲ್ಲಿ ಕೂರುವುದೇ ತಪ್ಪಿಹೋಗಿದೆ, ಹಾಗಾಗಿ ಈ ಗುರುತು ಅಡಗಿ ಕೂರುತ್ತದೆ. ನಾಲ್ಕನೆಯದು, ಒಂಟಿಕಾಲಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತದೆ, ಎಡಗಾಲು ಬಲಗಾಲು ಬೇರೆ ಬೇರೆ ಬರೆಯಿರಿ.

ಐದನೆಯದು ಹೆಜ್ಜೆಗುರುತು. ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರ ಮುಂದಿನವರೆಗೆ ಪುಟ್ಟ ಕೃಷ್ಣನ ಹೆಜ್ಜೆ ಬಿಡಿಸುವವರು ನಾವು. ನಮ್ಮ ಮಗುವಿನ ಹೆಜ್ಜೆಯನ್ನೂ ಒಮ್ಮೆ ನೋಡೋಣ. ಸ್ನಾನದ ನಂತರ ಒದ್ದೆ ಕಾಲಲ್ಲಿ ಒಣ ಹಾಳೆಯ ಮೇಲೆ ನಿಲ್ಲಿಸಿ, ಅಚ್ಚಿನ ಸುತ್ತ ಪೆನ್ಸಿಲ್ ಎಳೆದು ತಾರೀಕು ಬರೆಯಿರಿ. ಹಿಮ್ಮಡಿಗೂ ಮುಂಪಾದಕ್ಕೂ ನಡುವಿನ ಸೇತುವೆ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತ ಕಡಿದುಹೋದರೆ ಕಮಾನು ಏರುತ್ತಿದೆ ಎಂದರ್ಥ. ಹಳೆಯ ಶಾಲೆ ಶೂ ಎಸೆಯುವ ಮುಂಚೆ ಅದರ ಅಡಿಯ ಫೋಟೊ ತೆಗೆಯಿರಿ.

ಇದರಲ್ಲಿ ಯಾವುದಾದರೂ ಒಂದು ತಪ್ಪಿದ ಕೂಡಲೇ ಸಿಎಂಟಿ ಎಂದು ಗಾಬರಿಯಾಗಬೇಡಿ. ತುದಿಗಾಲಲ್ಲಿ ನಡೆಯುವ ಎಷ್ಟೋ ಮಕ್ಕಳಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಸ್ನಾಯುಗಳದ್ದೇ ಬೇರೆ ಕಾಯಿಲೆಗಳಿವೆ, ಅವುಗಳಲ್ಲಿ ಮಗು ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುತ್ತದೆ. ಕುಷ್ಠರೋಗದಲ್ಲೂ ಪಾದ ಜೋತುಬೀಳಬಹುದು, ಅದಕ್ಕೆ ಗುಣವಾಗುವ ಔಷಧವಿದೆ. ಬೇರೆ ಬೇರೆ ಕಾಯಿಲೆಗೆ ಬೇರೆ ಬೇರೆ ದಾರಿ, ಆದ್ದರಿಂದ ವೈದ್ಯರ ಪರೀಕ್ಷೆ ಬೇಕೇ ಬೇಕು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಕೆಲವೇ ದಿನಗಳಲ್ಲಿ, ವಾರಗಳಲ್ಲಿ ಕಾಲಿನ ಶಕ್ತಿ ಇಳಿದರೆ ಅದು ಸಿಎಂಟಿಯ ರೀತಿಯಲ್ಲ. 2025ರ ಆರಂಭದಲ್ಲಿ ಪುಣೆಯಲ್ಲಿ ಜಿಬಿಎಸ್ ಎಂಬ ಕಾಯಿಲೆಯ ಸುದ್ದಿ ಓದಿದ್ದೀರಿ, ಅಂಥದ್ದು ಏಕಾಏಕಿ ಬರುತ್ತದೆ. ಆಗ ವಿಡಿಯೊ, ಪುಸ್ತಕ ಎಂದು ಕೂರದೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಎಲ್ಲಿಗೆ ಹೋಗುವುದು? ಕುರ್ಲಾದವರಿಗೆ ಸಯನ್ ಆಸ್ಪತ್ರೆ ಹತ್ತಿರ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್ಲಿನ ನಾಯರ್ ಆಸ್ಪತ್ರೆಗಳಲ್ಲೂ ನರರೋಗ ವಿಭಾಗವಿದೆ. ಪರೇಲಿನಲ್ಲೇ ಮಕ್ಕಳಿಗಾಗಿಯೇ ಇರುವ ವಾಡಿಯಾ ಆಸ್ಪತ್ರೆ ಇದೆ. ರಜೆಯಲ್ಲಿ ಊರಿಗೆ ಹೋಗುವವರಿಗೆ ಮಣಿಪಾಲ, ಬೆಂಗಳೂರಿನ ನಿಮ್ಹಾನ್ಸ್ ಇವೆ. ವೈದ್ಯರು ಮೊದಲು ಮಗುವನ್ನು ನಡೆಸಿ ನೋಡುತ್ತಾರೆ, ಆಮೇಲೆ ನರದ ವೇಗ ಅಳೆಯುವ ಪರೀಕ್ಷೆ, ಬೇಕಾದರೆ ರಕ್ತದಿಂದ ಜೀನ್ ಪರೀಕ್ಷೆ. ಯಾರೋ ಹೇಳಿದರೆಂದು ನೀವಾಗಿಯೇ ಹೋಗಿ ದುಬಾರಿ ಜೀನ್ ಪರೀಕ್ಷೆ ಮಾಡಿಸಬೇಡಿ. ಯಾವ ಜೀನನ್ನು ಯಾವ ರೀತಿಯಲ್ಲಿ ನೋಡಬೇಕು ಎಂಬುದು ನರದ ಪರೀಕ್ಷೆ ಆದ ಮೇಲೆ ವೈದ್ಯರು ನಿರ್ಧರಿಸುವ ವಿಷಯ. ಹೋಗುವಾಗ ನಿಮ್ಮ ಪುಸ್ತಕ, ವಿಡಿಯೊ, ಹೆಜ್ಜೆಗುರುತಿನ ಹಾಳೆ ಒಯ್ಯಿರಿ. ನೂಕುನುಗ್ಗಲಿನ ಓಪಿಡಿಯಲ್ಲಿ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಎರಡು ವರ್ಷದ ನಡಿಗೆಯನ್ನು ಎರಡು ನಿಮಿಷದಲ್ಲಿ ತೋರಿಸಲು ನಿಮ್ಮಿಂದ ಮಾತ್ರ ಸಾಧ್ಯ.

ಈಗ ಕಷ್ಟದ ಮಾತು. ಇದಕ್ಕೆ ಔಷಧವಿದೆಯೇ? ಇವತ್ತಿಗೆ ಸಿಎಂಟಿಯನ್ನು ಗುಣಪಡಿಸುವ ಔಷಧವಿಲ್ಲ. ವಿಟಮಿನ್ ಸಿ ಇಲಿಗಳಲ್ಲಿ ಗುಣ ತೋರಿಸಿತ್ತು ಎಂದು ಆಸ್ಟ್ರೇಲಿಯಾದಲ್ಲಿ 81 ಮಕ್ಕಳಿಗೆ ಒಂದು ವರ್ಷ ಪ್ರಯೋಗ ನಡೆಸಿದರು. ಹೇಳಿಕೊಳ್ಳುವ ಲಾಭ ಕಾಣಲಿಲ್ಲ, 2009ರಲ್ಲಿ ಅದು ಪ್ರಕಟವಾಯಿತು. 'ನರಕ್ಕೆ ಒಳ್ಳೆಯದು' ಎಂದು ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ವರ್ಷಗಟ್ಟಲೆ ನುಂಗಿಸುವವರಿದ್ದಾರೆ. ಬಿ6 ವಿಟಮಿನ್ ಅತಿಯಾದರೆ ನರಕ್ಕೇ ಹಾನಿ. ಎಣ್ಣೆ ಹಚ್ಚಿ ನೀವಿದರೆ ಮಗುವಿಗೆ ಹಾಯೆನಿಸುತ್ತದೆ, ನೀವಿ. ಆದರೆ ವಾಲಿದ ಪಾದವನ್ನು ಬಲವಂತದಿಂದ ತಿರುಚಿ ನೇರ ಮಾಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ. ಇನ್ನೊಂದು ವಿಷಯ ಪ್ರತಿ ಆಸ್ಪತ್ರೆಯ ಚೀಟಿಯಲ್ಲಿ ಬರೆಸಿಡಿ. ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟಿನ್ ಎಂಬ ಔಷಧ ಸಿಎಂಟಿ ಇರುವವರ ನರಗಳನ್ನು ತೀವ್ರವಾಗಿ ಕೆಡಿಸಬಲ್ಲದು. ಯಾವ ಕಾಯಿಲೆಗೆ ಹೋದರೂ ಸಿಎಂಟಿ ಇದೆ ಎಂದು ಮೊದಲೇ ಹೇಳಬೇಕು.

ಔಷಧವಿಲ್ಲ ಎಂದರೆ ಮಾಡುವುದೇನೂ ಇಲ್ಲ ಎಂದಲ್ಲ. ನಡಿಗೆಯ ಪ್ರತಿ ಹಂತಕ್ಕೂ ಒಂದು ಕೆಲಸವಿದೆ, ಅದನ್ನು ಆ ಹಂತದಲ್ಲೇ ಮಾಡಿದರೆ ಮಾತ್ರ ಫಲ. ಪಾದ ಇನ್ನೂ ಮೆತ್ತಗಿರುವಾಗ ದಿನವೂ ಹಿಂಗಾಲನ್ನು ಹಿಗ್ಗಿಸುವ ವ್ಯಾಯಾಮ. ಬಿಟ್ಟರೆ ಮತ್ತೆ ಬಿಗಿಯುತ್ತದೆ, ಹಲ್ಲುಜ್ಜಿದ ಹಾಗೆ ದಿನವೂ ಬೇಕು. ಬಲ ಇನ್ನೂ ಉಳಿದಿರುವಾಗ ಬಲ ಕಾಪಾಡುವ ವ್ಯಾಯಾಮ. ಹಿಂದೆ ವೈದ್ಯರೇ "ಸೋತ ಸ್ನಾಯುವಿಗೆ ಕೆಲಸ ಕೊಟ್ಟರೆ ಇನ್ನೂ ಸೋತೀತು" ಎಂದು ಹೆದರುತ್ತಿದ್ದರು. ಸಿಡ್ನಿಯಲ್ಲಿ 6ರಿಂದ 17 ವರ್ಷದ 60 ಮಕ್ಕಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಆ ಹೆದರಿಕೆ ಕಳೆಯಿತು. ಪಾದ ಮೇಲೆತ್ತುವ ಸ್ನಾಯುವಿಗೆ ಆರು ತಿಂಗಳು ಹಂತಹಂತವಾಗಿ ಭಾರ ಏರಿಸಿ ವ್ಯಾಯಾಮ ಕೊಟ್ಟರು. ಎರಡು ವರ್ಷದ ಕೊನೆಗೆ ನೋಡಿದಾಗ ಆ ಮಕ್ಕಳಲ್ಲಿ ಶಕ್ತಿ ಕುಗ್ಗುವುದು ನಿಧಾನವಾಗಿತ್ತು, ಸ್ನಾಯುವಿಗೆ ಹಾನಿಯಾಗಿರಲಿಲ್ಲ. ಕಾಯಿಲೆ ಹೋಯಿತು ಎಂದಲ್ಲ, ಇಳಿಜಾರಿನಲ್ಲಿ ಬ್ರೇಕು ಹಾಕಿದ ಹಾಗೆ. ಎಷ್ಟು ಭಾರ, ಎಷ್ಟು ಸಲ ಎಂಬುದನ್ನು ಫಿಸಿಯೊಥೆರಪಿಸ್ಟರ ಹತ್ತಿರ ಕೇಳಿಯೇ ಮಾಡಬೇಕು. ಈಜು, ಸೈಕಲ್ ಇಂಥ ಮಕ್ಕಳಿಗೆ ಒಳ್ಳೆಯ ಜೊತೆ.

ಪಾದ ಜೋತುಬೀಳತೊಡಗಿದಾಗ ಸ್ಪ್ಲಿಂಟ್ ಬೇಕಾಗುತ್ತದೆ. ಮೊಣಕಾಲ ಕೆಳಗಿನಿಂದ ಪಾದದಡಿವರೆಗೆ ಬರುವ ಹಗುರ ಪ್ಲಾಸ್ಟಿಕ್ ಅಚ್ಚು, ಶೂವಿನೊಳಗೆ ಹಾಕುವಂಥದ್ದು. ಮಹಾಲಕ್ಷ್ಮಿ ಬಳಿ ಹಾಜಿ ಅಲಿಯಲ್ಲಿ 1955ರಲ್ಲಿ ಆರಂಭವಾದ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ, ಅಲ್ಲಿ ಅಳತೆ ತೆಗೆದು ಇಂಥವನ್ನು ಮಾಡಿಕೊಡುತ್ತಾರೆ. "ಸ್ಪ್ಲಿಂಟ್ ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದೆ" ಎಂದು ಮುಂದೂಡುವ ಮನೆಗಳೇ ಹೆಚ್ಚು. ಸ್ಪ್ಲಿಂಟ್ ಇಲ್ಲದೆ ಬಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ, ಮೇಲೆ ಕಾಲೂ ಮುರಿಯುತ್ತದೆ. ಮಕ್ಕಳು ಬೆಳೆಯುವುದರಿಂದ ಸ್ಪ್ಲಿಂಟನ್ನು ಆಗಾಗ ಬದಲಿಸಬೇಕು, ಸ್ಪರ್ಶ ಕಡಿಮೆ ಇರುವುದರಿಂದ ಒತ್ತಿದ ಕಡೆ ಗಾಯವಾದರೂ ಮಗು ಹೇಳುವುದಿಲ್ಲ. ರಾತ್ರಿ ಮಲಗುವ ಮುಂಚೆ ಎರಡೂ ಪಾದದ ಅಡಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕೆಲವರಿಗೆ ಮುಂದೆ ಪಾದದ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಗೆದ್ದ ಸ್ನಾಯುವಿನ ನಾರನ್ನು ಸೋತ ಕಡೆಗೆ ಜೋಡಿಸಿ ಎಳೆತವನ್ನು ಸಮ ಮಾಡುವ ಆಪರೇಷನ್ನೂ ಇದೆ. ಸೊಂಟ ಮತ್ತು ಬೆನ್ನೆಲುಬಿನ ವಾಲಿಕೆಯನ್ನೂ ವೈದ್ಯರಿಂದ ನೋಡಿಸುತ್ತಿರಬೇಕು.

ಇನ್ನು ಮಹಿಳೆಯರಾಗಿ ನಾವು ಗಟ್ಟಿಯಾಗಿ ಆಡಬೇಕಾದ ಮಾತು. ವಂಶವಾಹಿ ಕಾಯಿಲೆ ಎಂದು ತಿಳಿದ ದಿನ ಮನೆಯಲ್ಲಿ ಬರುವ ಮೊದಲ ಪ್ರಶ್ನೆ "ನಿಮ್ಮ ಕಡೆಯಿಂದಲೋ, ನಮ್ಮ ಕಡೆಯಿಂದಲೋ?" ಪ್ರಶ್ನೆ ಬರುವುದು ಸೊಸೆಯ ಕಡೆಗೆ. ಬಸುರಿಯಲ್ಲಿ ಏನು ತಿಂದಳು, ಗ್ರಹಣದ ದಿನ ಹೊರಗೆ ಬಂದಳೇ ಎಂಬುದರವರೆಗೆ ಮಾತು ಹೋಗುತ್ತದೆ. ವಿಜ್ಞಾನ ಹೇಳುವುದು ಬೇರೆ. 1ಎ ವಿಧ ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಇಬ್ಬರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಹೆಣ್ಣು ಗಂಡು ಎಂಬ ಭೇದವಿಲ್ಲ. ಕೆಲವೊಮ್ಮೆ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಇದೆ. ಇನ್ನೊಂದು ವಿಧ ಎಕ್ಸ್ ಕ್ರೋಮೋಸೋಮಿನದು, ಅದನ್ನು ತಂದೆ ಗಂಡುಮಗನಿಗೆ ಕೊಡಲಾರ, ಹೆಣ್ಣುಮಕ್ಕಳಿಗೆಲ್ಲ ಕೊಡುತ್ತಾನೆ. ಮತ್ತೆ ಕೆಲವು ವಿಧಗಳಲ್ಲಿ ತಂದೆತಾಯಿ ಇಬ್ಬರೂ ಆರೋಗ್ಯವಂತರೇ, ಆದರೆ ಇಬ್ಬರಲ್ಲೂ ಅದೇ ದೋಷ ಅಡಗಿರುತ್ತದೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರಮಾವ, ಅತ್ತೆಮಗ, ಮಾವನ ಮಗಳು ಎಂದು ಹತ್ತಿರದ ಸಂಬಂಧದಲ್ಲೇ ಕೊಟ್ಟು ತರುವ ರೂಢಿ ಕನ್ನಡನಾಡಿನ ಎಷ್ಟೋ ಸಮುದಾಯಗಳಲ್ಲಿದೆ. ಅಂಥ ಮದುವೆಗಳಲ್ಲಿ ಈ ಅಡಗಿದ ದೋಷಗಳು ಜೋಡಿಯಾಗುವ ಸಂಭವ ಹೆಚ್ಚು. ಇದರಲ್ಲಿ ಯಾವುದರಲ್ಲೂ ಯಾರ ಪಾಪವೂ ಇಲ್ಲ, ತಾಯಿ ತಿಂದದ್ದರದ್ದಂತೂ ಅಲ್ಲವೇ ಅಲ್ಲ.

ಎಷ್ಟೋ ಸಲ ಮಗುವಿಗೆ ಗೊತ್ತಾದ ಮೇಲೇ ದೊಡ್ಡವರಿಗೆ ಗೊತ್ತಾಗುತ್ತದೆ. ಜೀವನವಿಡೀ ಅಳತೆಯ ಚಪ್ಪಲಿ ಸಿಗದೆ ಒದ್ದಾಡಿದ ಅಪ್ಪ, 'ನಮ್ಮ ಮನೆಯವರ ಕಾಲೇ ಹಾಗೆ' ಎನ್ನುತ್ತಿದ್ದ ಅಜ್ಜ. ಒಂದೇ ಕುಟುಂಬದಲ್ಲಿ ಒಬ್ಬರಿಗೆ ಕಮಾನು ಎತ್ತರವಿರುವುದಷ್ಟೇ, ಇನ್ನೊಬ್ಬರಿಗೆ ಸ್ಪ್ಲಿಂಟ್ ಬೇಕಾಗುವಷ್ಟು ತೊಂದರೆ ಇರಬಹುದು. ಆದ್ದರಿಂದ ಒಂದು ಮಗುವಿಗೆ ಸಿಎಂಟಿ ಎಂದು ತಿಳಿದರೆ ಒಡಹುಟ್ಟಿದವರ, ತಂದೆತಾಯಿಯ ಕಾಲುಗಳನ್ನೂ ವೈದ್ಯರಿಗೆ ತೋರಿಸಿ. ಮದುವೆಗೆ ತೊಂದರೆಯಾದೀತು ಎಂದು ಮುಚ್ಚಿಡುವುದು ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು. ಮುಚ್ಚಿಟ್ಟ ಮನೆಯಲ್ಲಿ ಹುಡುಗಿಗೆ ವ್ಯಾಯಾಮವೂ ಇಲ್ಲ, ಸ್ಪ್ಲಿಂಟೂ ಇಲ್ಲ. ಕಾಲು ಮಾತ್ರ ಮದುವೆಯ ವಯಸ್ಸಿಗೆ ಕಾಯುವುದಿಲ್ಲ. ಮುಂದೆ ಮಕ್ಕಳ ಬಗ್ಗೆ ಯೋಚಿಸುವ ದಂಪತಿಗಳಿಗೆ ವಂಶವಾಹಿ ಸಲಹೆ ಕೊಡುವ ವೈದ್ಯರಿದ್ದಾರೆ, ಮೊದಲೇ ತಿಳಿದವರಿಗೆ ಮಾತ್ರ ಅದರ ಉಪಯೋಗ.

ಶಾಲೆಗೆ ಹೋಗಿ ಹೇಳಿ. ಓಟದ ಸ್ಪರ್ಧೆಯಿಂದ ಬಿಡುಗಡೆ ಕೇಳಿ, ಆದರೆ ಆಟದ ಪೀರಿಯಡ್ಡಿನಿಂದ ಪೂರ್ತಿ ಹೊರಗಿಡಬೇಡಿ ಎಂದೂ ಹೇಳಿ. ತರಗತಿ ನೆಲಮಾಳಿಗೆಯಲ್ಲಿರಲಿ, ಪ್ರಾರ್ಥನೆಗೆ ಗೋಡೆಯ ಪಕ್ಕ ನಿಲ್ಲಲು ಬಿಡಲಿ, ಬ್ಯಾಗಿನ ಭಾರ ಕಡಿಮೆಯಾಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಚಲನೆಯ ತೊಂದರೆಯೂ ದೀರ್ಘಕಾಲದ ನರರೋಗಗಳೂ ಅದರಲ್ಲಿವೆ. ಸರಕಾರಿ ವೈದ್ಯರು ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಕೊಟ್ಟರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಆ ಕಾರ್ಡು ಮಗುವಿಗೆ ಕಳಂಕವಲ್ಲ, ನಮ್ಮ ರೇಷನ್ ಕಾರ್ಡಿನ ಹಾಗೆ ಅದೂ ಒಂದು ಹಕ್ಕಿನ ಚೀಟಿ.

ಕೊನೆಗೆ ಒಂದು ವಿನಂತಿ. ಮಗುವಿನ ನಡಿಗೆಯ ಪುಸ್ತಕದಲ್ಲಿ ಕಳೆದುಹೋದದ್ದನ್ನು ಮಾತ್ರ ಬರೆಯಬೇಡಿ. ಈ ಆರು ತಿಂಗಳಲ್ಲಿ ಸೈಕಲ್ ಕಲಿತಳು, ಸ್ಪ್ಲಿಂಟ್ ಹಾಕಿಕೊಂಡು ಸಹಾಯವಿಲ್ಲದೆ ಸ್ಟೇಷನ್ ಸೇತುವೆ ಹತ್ತಿದಳು, ಅದನ್ನೂ ಬರೆಯಿರಿ. ಮಗು ದೊಡ್ಡದಾದ ಮೇಲೆ ಆ ಪುಸ್ತಕವನ್ನು ಅದರ ಕೈಗೇ ಕೊಡಿ, ಕಾಲು ಅದರದ್ದು, ಲೆಕ್ಕವೂ ಅದರ ಕೈಗೇ ಸೇರಲಿ. "ನೆಟ್ಟಗೆ ನಡಿ" ಎಂಬ ಮಾತನ್ನು ಇವತ್ತಿನಿಂದ "ಎಲ್ಲಿ, ಒಂದು ಸಲ ನಡೆದು ತೋರಿಸು ಮಗಾ" ಎಂದು ಬದಲಿಸಿಕೊಂಡರೂ ನಾನು ಇಲ್ಲಿಗೆ ಬಂದದ್ದು ಸಾರ್ಥಕ.

  ಪ್ರಶ್ನೆಗಳಿದ್ದರೆ ಚಹಾದ ಹೊತ್ತಿನಲ್ಲಿ ಕೇಳಿ, ಮಕ್ಕಳನ್ನು ಕರೆತಂದವರು ಅವರ ಚಪ್ಪಲಿ ಬಿಚ್ಚಿಸಿಕೊಂಡೇ ಬನ್ನಿ.